ಚಿಕ್ಕಬಳ್ಳಾಪುರದಲ್ಲಿ 185 ಯಾಕೆ 138 ಆಗುತ್ತದೆ?

ಕಾರಿಗೆ ಬೇರೆ ಕ್ಯಾಮ್ (ಇಂಜಿನ್ನಿನ ವಾಲ್ವ್ ತೆರೆದು ಮುಚ್ಚಿಸುವ ಸರಳು) ಹಾಕಿಸಿ, ಹೆಡ್ ಕೆಲಸ ಮಾಡಿಸಿ ಓಡಿಸುವವರು ಈಗ ಕಮ್ಮಿ ಏನಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತರೆ ಸೈಲೆನ್ಸರ್ ಸದ್ದಲ್ಲೇ ಗೊತ್ತಾಗುತ್ತದೆ. ಅದೆಲ್ಲ ಕಾನೂನಿಗೆ ಒಪ್ಪುತ್ತದಾ ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿ, ನನ್ನನ್ನಲ್ಲ. ನನ್ನ ತಕರಾರು ಇಂಥ ಕಾರು ಗ್ಯಾರೇಜಿಗೆ ಬಂದಾಗ ನಡೆಯುವ ಒಂದು ಮಾತುಕತೆಯ ಬಗ್ಗೆ. ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯೋಕೆ ಸಿಲಿಂಡರಿಗೆ ಕಂಪ್ರೆಷನ್ ಗೇಜ್ ಹಾಕುತ್ತಾರೆ. ಕಂಪನಿ ಪುಸ್ತಕದಲ್ಲಿ 185 ಪಿಎಸ್‌ಐ (ಒತ್ತಡದ ಅಳತೆ) ಅಂತ ಇದೆ, ಮುಳ್ಳು 138ಕ್ಕೆ ನಿಂತಿದೆ ಅಂದುಕೊಳ್ಳಿ. ತಕ್ಷಣ ತೀರ್ಪು ಬರುತ್ತದೆ: "ರಿಂಗ್ ಹೋಗಿದೆ ಸಾರ್. ಇಂಜಿನ್ ಇಳಿಸಿ ಬೋರ್ ಮಾಡಿಸ್ಬೇಕು."

ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ಆ ರಿಂಗ್ ಹೋಗಿರಲೂಬಹುದು. ಆದರೆ ಆ ಒಂದು ನಂಬರ್ ನೋಡಿ ಹಾಗೆ ಹೇಳೋಕೆ ಆಗಲ್ಲ. ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡುವವರನ್ನು ನೋಡಿ ನಗುವ ಜನವೇ ಗೇಜಿನ ನಂಬರಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ.

ಪರೀಕ್ಷೆ ಮಾಡುವ ಕ್ರಮ ಹೆಚ್ಚಿನವರಿಗೆ ಗೊತ್ತಿರುತ್ತದೆ. ಇಂಜಿನ್ ಬಿಸಿ ಇರಬೇಕು. ಎಲ್ಲ ಪ್ಲಗ್ ಬಿಚ್ಚಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಕಾಯಿಲ್ ಕನೆಕ್ಟರ್ ತೆಗೆದಿಡಬೇಕು, ಇಲ್ಲದಿದ್ದರೆ ಕಿಡಿಗೂ ಪೆಟ್ರೋಲ್ ಆವಿಗೂ ಭೇಟಿಯಾಗುತ್ತದೆ. ಎಕ್ಸಲರೇಟರ್ ಪೂರ್ತಿ ತುಳಿದು, ಪ್ರತಿ ಸಿಲಿಂಡರಿಗೂ ಅಷ್ಟೇ ಸುತ್ತು ಸೆಲ್ಫ್ ಹೊಡೆಯಬೇಕು. ಬ್ಯಾಟರಿ ಸೊರಗಿದ್ದರೆ ಅಥವಾ ಎಕ್ಸಲರೇಟರ್ ಬಿಟ್ಟಿದ್ದರೆ ಒಳ್ಳೆ ಇಂಜಿನ್ನೂ ಕೆಟ್ಟ ನಂಬರ್ ಕೊಡುತ್ತದೆ. ಇಷ್ಟು ಸಾಕು, ನನಗೆ ಇಷ್ಟವಾದ ವಿಷಯ ಮುಂದಿದೆ.

10:1 ಕಂಪ್ರೆಷನ್ ರೇಶಿಯೋ ಇರುವ, ಅಂದರೆ ಗಾಳಿಯನ್ನು ಹತ್ತರಲ್ಲೊಂದು ಜಾಗಕ್ಕೆ ಒತ್ತುವ ಇಂಜಿನ್ ಎಷ್ಟು ಒತ್ತಡ ತೋರಿಸಬೇಕು? ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ. ಹತ್ತರಿಂದ ಗುಣಿಸಿದರೆ 147. ಗೇಜ್ ಹೊರಗಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ಕಳೆದರೆ 132. ಇದು ರಾಬರ್ಟ್ ಬಾಯ್ಲ್ 1662ರಲ್ಲಿ ಹೇಳಿದ ನಿಯಮ. ಹಾಗಾದರೆ 185 ಎಲ್ಲಿಂದ ಬಂತು? ಬಾಯ್ಲ್ ಲೆಕ್ಕ ನಡೆಯುವುದು ಗಾಳಿಯ ಬಿಸಿ ಬದಲಾಗದಿದ್ದಾಗ ಮಾತ್ರ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಇನ್ನೂ ಜಾಸ್ತಿ ಒತ್ತುತ್ತದೆ. ಆ ಬಿಸಿ ಒಂಚೂರೂ ಹೊರಗೆ ಹೋಗದಿದ್ದರೆ ಒತ್ತಡ ಹತ್ತು ಪಟ್ಟಲ್ಲ, 25 ಪಟ್ಟು ಆಗುತ್ತದೆ. ಆಗ ಗೇಜು 350 ದಾಟಬೇಕು. ಆದರೆ ಸೆಲ್ಫ್ ಹೊಡೆದಾಗ ಇಂಜಿನ್ ನಿಧಾನವಾಗಿ ತಿರುಗುತ್ತದೆ. ಬಿಸಿ ಸಿಲಿಂಡರ್ ಗೋಡೆಗೆ ಹೋಗುತ್ತದೆ, ಸ್ವಲ್ಪ ಗಾಳಿ ರಿಂಗ್ ಸಂದಿಯಲ್ಲಿ ಜಾರುತ್ತದೆ. ಹಾಗಾಗಿ ಮುಳ್ಳು ಈ ಎರಡು ತುದಿಗಳ ನಡುವೆ ಎಲ್ಲೋ ನಿಲ್ಲುತ್ತದೆ.

ಈ ಬಿಸಿಯಾಟ ನೋಡೋಕೆ ಇಂಜಿನ್ನೇ ಬೇಕಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಹೋಗಿತ್ತು. ಮೇಲಿಂದ ಕಳಿಸಿದ ಗಾಳಿ ಇಳಿಯುತ್ತ ತನ್ನ ಮೇಲಿನ ಗಾಳಿಯ ಭಾರಕ್ಕೇ ಒತ್ತಿಕೊಳ್ಳುತ್ತದೆ. ಒಣ ಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿ ಏರುತ್ತದೆ. ಬಂಡೆಯ ಕಾವು ಬೇರೆ. ಅಂದರೆ ಗಣಿ ತಣ್ಣಗಾಗಲಿ ಅಂತ ಗಾಳಿ ಕೆಳಗೆ ಬಿಟ್ಟರೆ ಅದು ದಾರಿಯಲ್ಲೇ ಕಾದು ಹೋಗುತ್ತಿತ್ತು! ನಂದಿ ಬೆಟ್ಟದಲ್ಲಿ ಆಗುವುದು ಇದರ ಉಲ್ಟಾ. ಗಾಳಿ ಬೆಟ್ಟ ಹತ್ತುತ್ತ ಹಿಗ್ಗುತ್ತದೆ, ಹಿಗ್ಗುತ್ತ ತಣ್ಣಗಾಗುತ್ತದೆ. ಬೇಸಿಗೆಗೆ ಟಿಪ್ಪು ಬೆಟ್ಟ ಹತ್ತಿದ್ದೂ, ಆಮೇಲೆ ಕಬ್ಬನ್ ಅಲ್ಲಿ ಮನೆ ಕಟ್ಟಿಸಿದ್ದೂ ಈ ಪುಣ್ಯದಿಂದಲೇ. "ಬೆಟ್ಟ ಸೂರ್ಯನಿಗೆ ಹತ್ತಿರ, ಆದರೂ ತಂಪು, ದೇವರ ಮಹಿಮೆ" ಅನ್ನುವವರಿಗೆ ನಾನು ಪಿಸ್ಟನ್ ತೋರಿಸುತ್ತೇನೆ.

ಗಾಳಿಯನ್ನು ಒತ್ತಿ ಆಮೇಲೆ ಬೆಂಕಿ ಕೊಡುವುದು ಶುರುವಿನಲ್ಲಿ ಬಳಕೆಗೆ ಬಂದಿರಲಿಲ್ಲ. 1860ರ ಲೆನ್ವಾರ್ ಇಂಜಿನ್ ಒತ್ತದೇ ಹೊತ್ತಿಸುತ್ತಿತ್ತು, ಸಿಕ್ಕಾಪಟ್ಟೆ ಅನಿಲ ಕುಡಿದು ಸ್ವಲ್ಪ ಕೆಲಸ ಮಾಡುತ್ತಿತ್ತು. 1862ರಲ್ಲಿ ಬೋ ದ ರೋಷಾ ಎಂಬ ಫ್ರೆಂಚ್ ಇಂಜಿನಿಯರ್ ಮೊದಲು ಒತ್ತಿ ಅಂತ ಕಾಗದದ ಮೇಲೆ ಬರೆದ. 1876ರಲ್ಲಿ ಜರ್ಮನಿಯ ಆಟೊ ಮಾಡಿ ತೋರಿಸಿದ. ಇವತ್ತಿನ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಅದರ ಮೊಮ್ಮಗ.

ಈಗ ಕ್ಯಾಮ್. ಪಿಸ್ಟನ್ ಕೆಳಗೆ ತಲುಪಿದ ತಕ್ಷಣ ಇನ್‌ಟೇಕ್ ವಾಲ್ವ್ (ಗಾಳಿ ಒಳಗೆ ಬರುವ ಬಾಗಿಲು) ಮುಚ್ಚುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಪಿಸ್ಟನ್ ಮೇಲೆ ಬರೋಕೆ ಶುರುವಾದ ಮೇಲೂ ಅದು ತೆರೆದೇ ಇರುತ್ತದೆ. ಚಿಕ್ಕಬಳ್ಳಾಪುರ ಬಸ್ ನಿಲ್ದಾಣದಲ್ಲಿ ರಶ್ ಇದ್ದಾಗ ಕಂಡಕ್ಟರ್ ಬಾಗಿಲನ್ನು ಇನ್ನೊಂದು ಕ್ಷಣ ತೆರೆದಿಟ್ಟರೆ, ಹಿಂದಿನವರ ನೂಕಿಗೆ ನಾಲ್ಕು ಜನ ಜಾಸ್ತಿ ಒಳಗೆ ಬರುತ್ತಾರೆ. ನೂಕುವವರಿಲ್ಲದ ಹೊತ್ತಲ್ಲಿ ಹಾಗೆ ತೆರೆದಿಟ್ಟರೆ ಹತ್ತಿದವರೇ ಇಳಿದುಬಿಡುತ್ತಾರೆ. ಜೋರು ಕ್ಯಾಮ್ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. 6000 ಆರ್‌ಪಿಎಂನಲ್ಲಿ ಗಾಳಿ ನುಗ್ಗಿ ತುಂಬಿಕೊಳ್ಳುತ್ತದೆ. ಸೆಲ್ಫ್ ಹೊಡೆಯುವ ನಿಧಾನದಲ್ಲಿ ಅದೇ ಗಾಳಿ ವಾಪಸ್ ಹೋಗುತ್ತದೆ.

ಲೆಕ್ಕ ಹಾಕೋಣ. ಕಂಪನಿ ಕ್ಯಾಮ್‌ನಲ್ಲಿ ವಾಲ್ವ್, ಪಿಸ್ಟನ್ ತಳ ಬಿಟ್ಟು ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಸರಳು) 50 ಡಿಗ್ರಿ ತಿರುಗಿದ ಮೇಲೆ ಮುಚ್ಚುತ್ತದೆ ಅಂದುಕೊಳ್ಳಿ. ಆಗ ಸ್ಟ್ರೋಕ್‌ನ, ಅಂದರೆ ಪಿಸ್ಟನ್ ಕೆಳಗಿಂದ ಮೇಲಕ್ಕೆ ಓಡುವ ದೂರದ, ಸುಮಾರು 86 ಭಾಗ ಉಳಿದಿರುತ್ತದೆ, ನೂರಕ್ಕೆ. ಜೋರು ಕ್ಯಾಮ್‌ನಲ್ಲಿ 70 ಡಿಗ್ರಿಗೆ ಮುಚ್ಚಿದರೆ ಉಳಿಯುವುದು ಸುಮಾರು 73. 10:1 ಅಂತ ಬರೆದಿರುವ ಇಂಜಿನ್, ನಿಜವಾಗಿ ಒತ್ತುವ ಲೆಕ್ಕದಲ್ಲಿ ಮೊದಲು 8.8:1 ಇದ್ದದ್ದು 7.6:1 ಆಯಿತು. ಬಿಸಿ ಸೋರಿಕೆಗೆ ಒಂದಿಷ್ಟು ಬಿಟ್ಟು ನೋಡಿದರೆ ಸಮುದ್ರ ಮಟ್ಟದಲ್ಲಿ 185 ಇದ್ದದ್ದು 153ಕ್ಕೆ ಬರುತ್ತದೆ. ರಿಂಗ್, ವಾಲ್ವ್ ಎಲ್ಲ ಹೊಸದೇ.

ಇನ್ನು ಊರಿನ ಎತ್ತರ. ಚಿಕ್ಕಬಳ್ಳಾಪುರ ಇರುವುದು ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಹತ್ತು ಕಮ್ಮಿ. ಒಳಗೆ ಬರುವ ಗಾಳಿಯೇ ತೆಳುವಾದರೆ ಗೇಜಿನಲ್ಲೂ ಹತ್ತು ಭಾಗ ಹೋಯಿತು. 153ರಲ್ಲಿ ಹತ್ತು ಭಾಗ ಕಳೆಯಿರಿ: 138. ಅದೇ ಕಾರನ್ನು 1478 ಮೀಟರಿನ ನಂದಿ ತುದಿಗೆ ಒಯ್ದು ಅಳೆದರೆ 130 ಕೂಡ ದಾಟುವುದು ಕಷ್ಟ. ಟರ್ಬೊಗೆ ಅಂತ ರೇಶಿಯೋ ಇಳಿಸಿದ ಇಂಜಿನ್ನಿನ ಕಥೆಯೂ ಇಷ್ಟೇ, ನಂಬರ್ ಕಮ್ಮಿ ಬರಲೇಬೇಕು. ಹೆಡ್ ಫೇಸಿಂಗ್ (ಹೆಡ್ಡಿನ ತಳ ಉಜ್ಜಿಸುವುದು) ಮಾಡಿಸಿದ್ದರೆ ಏರಬೇಕು. ಸುಮ್ನೆ ಏರಿದ್ದರೆ ಖುಷಿಪಡಬೇಡಿ. ಒಳಗೆ ಇಂಗಾಲ ಕಟ್ಟಿ ಜಾಗ ಕಿರಿದಾದರೂ, ಆಯಿಲ್ ಸೇರಿದರೂ ಮುಳ್ಳು ಮೇಲೇರುತ್ತದೆ.

ಹಾಗಾದರೆ ಗೇಜ್ ದಂಡವಾ? ಅಲ್ಲ. ನಾಲ್ಕು ಸಿಲಿಂಡರಿಗೂ ಕ್ಯಾಮ್ ಒಂದೇ, ಊರೂ ಒಂದೇ. ಆದ್ದರಿಂದ ಪುಸ್ತಕ ಬಿಟ್ಟು ಅವುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. 138, 135, 140, 137 ಬಂದರೆ ಚಹಾ ಕುಡಿದು ಮನೆಗೆ ಹೋಗಿ. 138, 135, 102, 137 ಬಂದರೆ ಮೂರನೆಯದರಲ್ಲಿ ಏನೋ ಇದೆ. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ (ಹೆಡ್ ಕೆಳಗೆ ಸೋರದಂತೆ ಇಡುವ ಹಾಳೆ) ಮೇಲೆ ಅನುಮಾನ. ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಆಯಿಲ್ ರಿಂಗ್ ಸಂದಿ ತುಂಬುತ್ತದೆ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ನೋಡಬೇಕು.

ನಾಲ್ಕೂ ಒಂದೇ ಸಮ ಸವೆದಿದ್ದರೆ ಈ ಹೋಲಿಕೆ ಕೈಕೊಡುತ್ತದೆ, ಅದು ನಿಜ. ಹಾಗಾಗಿ ಬದಲಾಯಿಸಿದ ಇಂಜಿನ್ನಿಗೆ ಲೀಕ್‌ಡೌನ್ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಎರಡು ವಾಲ್ವ್ ಮುಚ್ಚಿರುವಾಗ ಕಂಪ್ರೆಸರಿನಿಂದ 100 ಪಿಎಸ್‌ಐ ಗಾಳಿ ಬಿಟ್ಟು ಎಷ್ಟು ಸೋರುತ್ತದೆ ಅಂತ ನೋಡುವುದು. ಕ್ಯಾಮ್ ಯಾವುದೇ ಇರಲಿ, ಬೆಟ್ಟ ಎಷ್ಟೇ ಎತ್ತರ ಇರಲಿ, ಇದಕ್ಕೆ ಅಷ್ಟಾಗಿ ತಾಗುವುದಿಲ್ಲ. ನೂರಕ್ಕೆ ಹತ್ತರೊಳಗೆ ಸೋರಿದರೆ ಆರಾಮ, ಇಪ್ಪತ್ತು ದಾಟಿದರೆ ಇಂಜಿನ್ ಬಿಚ್ಚುವ ಮಾತು. ಎಲ್ಲಿ ಸೋರುತ್ತಿದೆ ಅಂತ ಕಿವಿಯೇ ಹೇಳುತ್ತದೆ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಅಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಪಿಸ್ಟನ್ ಸರಿಯಾಗಿ ತುದಿಯಲ್ಲಿ ಇಲ್ಲದಿದ್ದರೆ ಆ ಗಾಳಿಯೇ ಅದನ್ನು ದಬ್ಬಿ ಕ್ರ್ಯಾಂಕ್ ತಿರುಗಿಸಿಬಿಡುತ್ತದೆ. ಕ್ರ್ಯಾಂಕ್ ಬೋಲ್ಟಿನಲ್ಲಿ ಸ್ಪ್ಯಾನರ್ ಬಿಟ್ಟಿದ್ದರೆ ಅದು ಕೈಗೆ ಬಡಿಯುತ್ತದೆ, ಗಾಳಿ ಬಿಡುವ ಮುಂಚೆ ತೆಗೆದಿಡಿ.