ಕಾಳಿನ ಜೊತೆ ಉಳಿದುಕೊಂಡ ನುಚ್ಚು

ಸಿಗರೇಟು ಸೇದುವ ಒಬ್ಬರು ಸ್ಕ್ಯಾನರ್ ಒಳಗೆ ಅಲುಗಾಡದೆ ಮಲಗಿದ್ದಾರೆ. ಕಣ್ಣೆದುರು ಒಂದು ಚಿತ್ರ ಬರುತ್ತದೆ: ಉರಿಯುವ ಸಿಗರೇಟು ಹಿಡಿದ ಕೈ. ಸ್ವಲ್ಪ ಹೊತ್ತಿಗೆ ಇನ್ನೊಂದು: ಪೆನ್ಸಿಲ್ ಹಿಡಿದ ಕೈ. ಸಿಗರೇಟು ಕಂಡಾಗ ಮಿದುಳಿನ ಯಾವ ಜಾಗಕ್ಕೆ ರಕ್ತ ಜಾಸ್ತಿ ಹರಿಯಿತು? ಧೂಮಪಾನದ ಚಟದ ಬಗ್ಗೆ ನಾವು ಓದುವ ಎಷ್ಟೋ ಸುದ್ದಿಗಳ ಬೇರು ಇಂಥ ಪ್ರಯೋಗಗಳಲ್ಲಿದೆ.

ಒಂದೊಂದು ಪ್ರಯೋಗದಲ್ಲಿ ಇರುವವರು ಕೆಲವೇ ಜನ. ಅದೊಂದನ್ನೇ ನಂಬುವುದು ಕಷ್ಟ. ಹಾಗಾಗಿ ಹತ್ತಾರು ಪ್ರಯೋಗಗಳ ಫಲಿತಾಂಶ ಒಟ್ಟು ಸೇರಿಸಿ ನೋಡುತ್ತಾರೆ. ಮೆಟಾ ಅನಾಲಿಸಿಸ್ ಅಂದರೆ ಇದೇ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಸುವ ಒಂದು ಉಚಿತ ಸಾಫ್ಟ್‌ವೇರ್ ಜಿಂಜರ್‌ಏಲ್. ಅಮೆರಿಕದ ಸ್ಯಾನ್ ಆಂಟೋನಿಯೊದ ಬ್ರೇನ್‌ಮ್ಯಾಪ್ ಯೋಜನೆಯವರದ್ದು.

ಅದಕ್ಕೆ ಕೊಡುವುದು ಒಂದು ಸಾದಾ ಪಠ್ಯದ ಫೈಲ್. ಅಧ್ಯಯನದ ಹೆಸರು, ಭಾಗವಹಿಸಿದವರ ಸಂಖ್ಯೆ, ಅದರ ಕೆಳಗೆ ಸಾಲಾಗಿ ಮೂರು ಮೂರು ಅಂಕಿ. 38, 18, -4 ಎಂದಿದ್ದರೆ ಮಿದುಳಿನ ನಡುವಿನ ಒಂದು ಗೊತ್ತಾದ ಬಿಂದುವಿನಿಂದ ಬಲಕ್ಕೆ 38 ಮಿಲಿಮೀಟರ್, ಮುಂದಕ್ಕೆ 18, ಕೆಳಕ್ಕೆ 4. ಮನೆ ನಂಬರ್ ಇದ್ದ ಹಾಗೆ. ಆದರೆ ಯಾವ ವಿಳಾಸವೂ ಕರಾರುವಾಕ್ಕಲ್ಲ ಎಂದು ಈ ಸಾಫ್ಟ್‌ವೇರಿಗೆ ಗೊತ್ತು. ಅದಕ್ಕೇ ಪ್ರತಿ ವಿಳಾಸವನ್ನೂ ಚುಕ್ಕೆ ಎನ್ನದೆ, ಅಂಚು ಮಸುಕಾದ ಒಂದು ಉಂಡೆ ಎಂದುಕೊಳ್ಳುತ್ತದೆ. ಜನ ಹೆಚ್ಚಿದ್ದ ಅಧ್ಯಯನದ ಉಂಡೆ ಬಿಗಿ, ಕಮ್ಮಿ ಇದ್ದದ್ದರ ಉಂಡೆ ಅಗಲ. ಉಂಡೆಗಳು ಒಂದರ ಮೇಲೊಂದು ಬಿದ್ದಲ್ಲೆಲ್ಲ ಒಂದು ಪ್ರಶ್ನೆ ಕೇಳುತ್ತದೆ: ಇದು ಸುಮ್ನೆ ಆಕಸ್ಮಿಕವಾಗಿ ಆಗಿದ್ದೋ, ಅಲ್ಲವೋ?

ನಿಜವಾದ ಕಷ್ಟ ಇರುವುದು ಇಲ್ಲೇ. ಈ ಲೆಕ್ಕಕ್ಕೆ ಮಿದುಳನ್ನು ಪುಟ್ಟ ಪುಟ್ಟ ಘನಗಳಾಗಿ ಹೆಚ್ಚುತ್ತಾರೆ. ಒಂದು ಲಕ್ಷ ಘನ ಎಂದಿಟ್ಟುಕೊಳ್ಳಿ. ನೂರಕ್ಕೆ ಐದು ಸಲ ತಪ್ಪಿದರೂ ಪರವಾಗಿಲ್ಲ ಎಂದು ಒಂದೊಂದನ್ನೂ ಪರೀಕ್ಷಿಸಿದರೆ, ಏನೂ ನಡೆಯದ ಮಿದುಳಿನಲ್ಲೂ ಐದು ಸಾವಿರ ಘನಗಳು ‘ಬೆಳಗುತ್ತವೆ’. ಅದಕ್ಕೇ ಕೊನೆಯಲ್ಲಿ ಜರಡಿ ಹಿಡಿಯಲೇಬೇಕು. ನುಚ್ಚು ಕೆಳಗೆ ಉದುರಬೇಕು, ಕಾಳು ಮೇಲೆ ಉಳಿಯಬೇಕು.

ಜಿಂಜರ್‌ಏಲ್‌ನ ಜರಡಿಯಲ್ಲೇ ದೋಷವಿತ್ತು. ಅದೂ ಎರಡು ಕಡೆ. ಆರಿಸಿದ್ದರಲ್ಲಿ ಸುಳ್ಳು ಎಷ್ಟು ಪಾಲು ಇರಬಹುದು ಎಂದು ಲೆಕ್ಕ ಹಾಕುವ ಕಡೆ ಒಂದು. ಒತ್ತಾಗಿರುವ ಘನಗಳ ಗುಂಪು ಎಷ್ಟು ದೊಡ್ಡದಿದ್ದರೆ ನಂಬಬಹುದು ಎಂದು ತೀರ್ಮಾನಿಸುವ ಕಡೆ ಇನ್ನೊಂದು. ಎರಡರಲ್ಲೂ ಜರಡಿಯ ಕಣ್ಣು ಇರಬೇಕಾದ್ದಕ್ಕಿಂತ ಸಣ್ಣದಾಗಿತ್ತು. ಕಾಳಿನ ಜೊತೆ ನುಚ್ಚೂ ಉಳಿದುಕೊಂಡಿತು. ಒಂದನ್ನು 2015ರಲ್ಲಿ, ಇನ್ನೊಂದನ್ನು 2016ರಲ್ಲಿ ಸರಿಪಡಿಸಿದರು. ಆಮೇಲೆ ಸೈಮನ್ ಐಕ್‌ಹಾಫ್, ಆಂಜೆಲಾ ಲೇರ್ಡ್, ಪೀಟರ್ ಫಾಕ್ಸ್ ಮತ್ತವರ ಜೊತೆಗಾರರು ‘ಹ್ಯೂಮನ್ ಬ್ರೇನ್ ಮ್ಯಾಪಿಂಗ್’ ಪತ್ರಿಕೆಯಲ್ಲಿ ಇದನ್ನು ತಾವೇ ಬರೆದುಕೊಂಡರು. ಹಳೆಯ ಆವೃತ್ತಿ ಬಳಸಿದವರು ದಯವಿಟ್ಟು ಲೆಕ್ಕ ಮತ್ತೆ ಮಾಡಿ, ಬೇಕಾದರೆ ತಿದ್ದುಪಡಿ ಪ್ರಕಟಿಸಿ ಎಂದು ಕೇಳಿಕೊಂಡರು. ನನಗೆ ಇದು ತುಂಬಾ ದೊಡ್ಡ ಕೆಲಸವಾಗಿ ಕಾಣುತ್ತದೆ. ತಮ್ಮ ಸಾಫ್ಟ್‌ವೇರ್ ನಂಬಿದ ಅಷ್ಟೂ ಜನರೆದುರು ಹಾಗೆ ನಿಲ್ಲುವುದು ಸುಲಭವಲ್ಲ, ಅಲ್ವಾ?

ಧೂಮಪಾನದ ಮೆಟಾ ಅನಾಲಿಸಿಸ್‌ಗಳಿಗೂ ಈ ಬಿಸಿ ತಟ್ಟಿತು. ಹಳೆಯ ಫೋಲ್ಡರ್ ತೆರೆಯಬೇಕು. ಅದೇ ಫೈಲ್, ಅದೇ ಅಂಕಿಗಳು, ಹೊಸ ಆವೃತ್ತಿ. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಇಂಥ ಮರುಲೆಕ್ಕದಲ್ಲಿ ಗಟ್ಟಿಯಾದ ಗುಂಪುಗಳು ಸಾಮಾನ್ಯವಾಗಿ ನಿಲ್ಲುತ್ತವೆ. ಅಂಚಿನಲ್ಲಿದ್ದವು ಕುಗ್ಗುತ್ತವೆ ಅಥವಾ ಮಾಯವಾಗುತ್ತವೆ. ಮಾಯವಾದ ಮಾತ್ರಕ್ಕೆ ಅಲ್ಲಿ ಏನೂ ಇರಲಿಲ್ಲ ಎನ್ನುವಂತಿಲ್ಲ. ಇದೆ ಎನ್ನಲು ನಮ್ಮ ಕೈಯಲ್ಲಿರುವ ಪುರಾವೆ ಸಾಲದು, ಅಷ್ಟೇ.

ಅದೇ 2016ರಲ್ಲಿ ಆಂಡರ್ಸ್ ಎಕ್ಲುಂಡ್, ಥಾಮಸ್ ನಿಕೋಲ್ಸ್ ಮತ್ತು ಹ್ಯಾನ್ಸ್ ಕ್ನುಟ್ಸನ್ ಎಂಬ ಸಂಶೋಧಕರು ಮಿದುಳಿನ ಸ್ಕ್ಯಾನ್ ಲೆಕ್ಕ ಹಾಕುವ ಬೇರೆ ಮೂರು ಜನಪ್ರಿಯ ಸಾಫ್ಟ್‌ವೇರುಗಳನ್ನು ಪರೀಕ್ಷಿಸಿದ್ದರು. ನೂರಕ್ಕೆ ಐದು ಇರಬೇಕಾದ ತಪ್ಪು ಕೆಲವು ಸಂದರ್ಭಗಳಲ್ಲಿ 70ರವರೆಗೆ ಹೋಗಿತ್ತು. 40,000 ಅಧ್ಯಯನಗಳ ಮೇಲೆ ಅನುಮಾನ ಎಂದು ಅವರ ಲೇಖನವೇ ಹೇಳಿತು. ಆ ಮಾತು ಅತಿಯಾಯಿತು ಎಂದು ಕೆಲವೇ ವಾರಗಳಲ್ಲಿ ಅದನ್ನೂ ತಿದ್ದಿದರು. ನಿಜವಾಗಿ ತೊಂದರೆ ಇರುವುದು ಸುಮಾರು 3,500ರಲ್ಲಿ ಎಂಬುದು ನಿಕೋಲ್ಸ್ ಅವರ ಅಂದಾಜು.

ಹಾಗಾದರೆ ಸಿಗರೇಟಿನ ಬಗ್ಗೆ ಗೊತ್ತಿರುವುದೆಲ್ಲ ಸುಳ್ಳೇ? ಖಂಡಿತ ಅಲ್ಲ. ಮಿದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾ ಎಂಬ ಭಾಗವನ್ನು ನೋಡಿ. 2007ರಲ್ಲಿ ಅಮೆರಿಕದ ಅಯೋವಾದ ರೋಗಿಗಳ ಮೇಲಿನ ಅಧ್ಯಯನವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಇನ್ಸುಲಾಕ್ಕೆ ಪೆಟ್ಟಾಗಿದ್ದ 19 ಜನ ಧೂಮಪಾನಿಗಳಲ್ಲಿ 13 ಜನ ಸೇದುವುದನ್ನು ಬಿಟ್ಟಿದ್ದರು. ಅವರಲ್ಲಿ 12 ಜನರಿಗೆ ಬಿಡುವುದು ಕಷ್ಟವೇ ಆಗಿರಲಿಲ್ಲ. ಸೇದಬೇಕು ಎನ್ನುವ ತುಡಿತವನ್ನೇ ತನ್ನ ದೇಹ ಮರೆತುಬಿಟ್ಟಿತು ಎಂದು ಒಬ್ಬ ರೋಗಿ ಹೇಳಿದ್ದರು. ಇದಕ್ಕೆ ಜಿಂಜರ್‌ಏಲ್ ಬೇಕಿರಲಿಲ್ಲ. ದಾರಿಯೇ ಬೇರೆ. ಬೇರೆ ಬೇರೆ ದಾರಿ ಹಿಡಿದು ಬಂದವರು ಒಂದೇ ಮನೆಯ ಬಾಗಿಲು ತಟ್ಟಿದರೆ ನಂಬಿಕೆ ಗಟ್ಟಿಯಾಗುತ್ತದೆ.

ವಿಳಾಸ ಸರಿ ಇರಲೇಬೇಕು ಎನ್ನಲು ಇನ್ನೊಂದು ಕಾರಣವಿದೆ. ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ಧೂಮಪಾನ ಬಿಡಿಸಲು ನೆರವಾಗುವ ಒಂದು ಸಾಧನಕ್ಕೆ 2020ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಅದರ ಗುರಿ ಮಿದುಳಿನ ಮುಂಭಾಗ ಮತ್ತು ಇನ್ಸುಲಾ. ನಕ್ಷೆಯ ಮೇಲಿನ ಬಣ್ಣದ ಗುರುತು ಈಗ ಬರೀ ಚಿತ್ರವಲ್ಲ. ಚಟ ಬಿಡಲು ಒದ್ದಾಡುತ್ತಿರುವ ಒಬ್ಬರ ತಲೆಯ ಮೇಲೆ ಆ ಮಿಡಿತ ಕೊಡುವ ತಂತಿಯ ಸುರುಳಿ ಎಲ್ಲಿ ಕೂರಬೇಕು ಎನ್ನುವ ಮಾತು ಅದು.

ನಮ್ಮ ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಇರುತ್ತಿತ್ತು. ‘ಇಂಥ ಪುಟ, ಇಂಥ ಸಾಲು, ತಪ್ಪು ಇದು, ಒಪ್ಪು ಇದು’. ಅದು ಪುಸ್ತಕಕ್ಕೇ ಅಂಟಿಕೊಂಡಿರುತ್ತಿತ್ತು. ಸಂಶೋಧನಾ ಪತ್ರಿಕೆಗಳ ತಿದ್ದುಪಡಿ ಹಾಗಲ್ಲ, ಬೇರೆ ಪುಟದಲ್ಲಿ, ಎಷ್ಟೋ ಸಲ ವರ್ಷಗಳ ನಂತರ ಬರುತ್ತದೆ. ಮೊದಲೇ ಇಳಿಸಿಕೊಂಡ ಪಿಡಿಎಫ್ ಮಾತ್ರ ಯಾರದೋ ಕಂಪ್ಯೂಟರಿನಲ್ಲಿ ಹಾಗೇ ಕೂತಿರುತ್ತದೆ, ಹಳೆಯ ನುಚ್ಚಿನ ಸಮೇತ.