ಹೊಗೆ ಬಿಟ್ಟವರು ಅವರು, ಮಾತು ಕೊಟ್ಟವರು ನಾವ್ಯಾಕೆ?

ಪ್ರಶ್ನೆ: ನಮ್ಮ ಪಾವಗಡದಲ್ಲಿ ಕಣ್ಣು ಹಾಯಿಸಿದಷ್ಟೂ ಸೋಲಾರ್ ಪ್ಯಾನೆಲ್. ಇದೆಲ್ಲ ಹವಾಮಾನ ಒಪ್ಪಂದಕ್ಕಾಗಿ ಅಂತಾರೆ. ಹೊಗೆ ಬಿಟ್ಟು ಶ್ರೀಮಂತರಾದವರು ಅಮೆರಿಕ, ಯುರೋಪಿನವರು ಅಲ್ವಾ? ಭಾರತ ಯಾಕೆ ಮಾತು ಕೊಡಬೇಕು?

ಉತ್ತರ: ನೀವು ಕೇಳಿದ್ದನ್ನೇ ಭಾರತವೂ ಮೊದಲಿನಿಂದ ಕೇಳುತ್ತಾ ಬಂದಿದೆ. 1992ರಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ನಡೆದ ವಿಶ್ವಸಂಸ್ಥೆಯ ಸಮಾವೇಶದಲ್ಲಿ ಆ ವಾದ ಬರಹಕ್ಕೆ ಇಳಿಯಿತು: ಹೊಣೆ ಎಲ್ಲರದ್ದೂ, ಆದರೆ ಎಲ್ಲರ ಹೆಗಲ ಮೇಲೂ ಒಂದೇ ಭಾರ ಇರಬಾರದು. ಅದಕ್ಕೇ 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಕಡ್ಡಾಯ ಗುರಿ ಹಾಕಿತು. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ.

2015ರ ಪ್ಯಾರಿಸ್ ಒಪ್ಪಂದ ದಾರಿ ಬದಲಿಸಿತು. ಪ್ರತಿ ದೇಶ ತನ್ನ ಗುರಿಯನ್ನು ತಾನೇ ಹೇಳಬೇಕು. ಭಾರತ 2016ರ ಅಕ್ಟೋಬರ್ 2ರಂದು ಅದನ್ನು ಅನುಮೋದಿಸಿತು. 2022ರಲ್ಲಿ ತಿದ್ದಿದ ಗುರಿ ಹೀಗಿದೆ: ದೇಶ ದುಡಿಯುವ ಪ್ರತಿ ರೂಪಾಯಿಗೆ ಬಿಡುವ ಹೊಗೆ, ಅಂದರೆ ಭೂಮಿಯನ್ನು ಬಿಸಿ ಮಾಡುವ ಅನಿಲ, 2030ರೊಳಗೆ 2005ಕ್ಕಿಂತ ಶೇ 45ರಷ್ಟು ಇಳಿಯಬೇಕು. ಗಮನಿಸಿ, ಒಟ್ಟು ಹೊಗೆ ಇಳಿಸುತ್ತೇವೆ ಅಂತ ಹೇಳಿಲ್ಲ. ಬೆಳೆಯುವ ದೇಶಕ್ಕೆ ಈ ಸಡಿಲ ಬೇಕೇ ಬೇಕು. ನಮ್ಮಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಹೊಗೆ ಜಗತ್ತಿನ ಸರಾಸರಿಯ ಅರ್ಧವೂ ಇಲ್ಲ.

ಇನ್ನೊಂದು ಗುರಿ, ವಿದ್ಯುತ್ ಉತ್ಪಾದನಾ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಗ್ಯಾಸು, ಎಣ್ಣೆ ಇಲ್ಲದ ಮೂಲಗಳಿಂದ ಬರಬೇಕು. ಇದು ಐದು ವರ್ಷ ಮೊದಲೇ, 2025ರಲ್ಲೇ ಈಡೇರಿತು. ಹಾಗಂತ ಬೀಗಬಾರದು. ಸಾಮರ್ಥ್ಯ ಬೇರೆ, ನಿಜವಾಗಿ ಹರಿಯುವ ಕರೆಂಟು ಬೇರೆ. ರಾತ್ರಿ ಸೂರ್ಯ ಇರಲ್ಲ. ಕರೆಂಟಿನಲ್ಲಿ ಜಾಸ್ತಿ ಪಾಲು ಇವತ್ತಿಗೂ ಕಲ್ಲಿದ್ದಲಿನದ್ದೇ.

ಇಷ್ಟಕ್ಕೂ ಮಾತು ಕೊಡದೆ ಸುಮ್ನೆ ಕೂತರೆ ಯಾರಿಗೆ ನಷ್ಟ? ಮಳೆ ತಪ್ಪಿದರೆ ಒಣಗುವುದು ಪಾವಗಡದ ಕಡಲೆಕಾಯಿ ಹೊಲ. ನಾವು ಮಾತು ಕೊಟ್ಟಿದ್ದು ಬೇರೆಯವರ ಮೇಲಿನ ದಯೆಯಿಂದಲ್ಲ.

ದುಡ್ಡಿನ ಜಗಳ ಮಾತ್ರ ಮುಗಿದಿಲ್ಲ. 2024ರಲ್ಲಿ ಅಜರ್ಬೈಜಾನ್‌ನ ಬಾಕುವಿನಲ್ಲಿ ನಡೆದ ಹವಾಮಾನ ಸಮಾವೇಶದಲ್ಲಿ, ಶ್ರೀಮಂತ ದೇಶಗಳ ಮುಂದಾಳತ್ವದಲ್ಲಿ ಬಡ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಸಿಗಬೇಕು ಎಂದು ತೀರ್ಮಾನವಾಯಿತು. ಇದು ಸಾಲದು ಎಂದು ಭಾರತ ಅಲ್ಲೇ ಎದ್ದು ವಿರೋಧಿಸಿತು. ಸರಿಯಾಗಿಯೇ ಮಾಡಿತು.

ಭಾರ ಯಾರ ಹೆಗಲಿಗೆ, ದುಡ್ಡು ಯಾರ ಕೈಗೆ ಅನ್ನುವ ಅದೇ ಅಳತೆಗೋಲನ್ನು ನಿಮ್ಮೂರಿಗೂ ಹಿಡಿಯಬೇಕು ಅನ್ನುವುದು ನನ್ನ ಮಾತು. ಪಾವಗಡದ ಸೋಲಾರ್ ಪಾರ್ಕು ಸುಮಾರು 13,000 ಎಕರೆಯದ್ದು, 2,050 ಮೆಗಾವ್ಯಾಟಿನದ್ದು. ಜಮೀನು ಕೊಂಡಿದ್ದಲ್ಲ, ರೈತರಿಂದ ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಪಹಣಿ ಇದ್ದವರಿಗೆ ಸಿಗುತ್ತದೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ.