ಒಗರು ಇಳಿಯುವ ತನಕ

ಆರು ತಿಂಗಳ ಎಲ್ಡರ್‌ಬೆರಿ ವೈನನ್ನು ಮೊದಲ ಸಲ ಬಾಯಿಗಿಟ್ಟವರ ಮುಖ ನೋಡಬೇಕು. ಹಣ್ಣಿನ ಪರಿಮಳಕ್ಕೆ ಹುಬ್ಬು ಮೇಲೇರುತ್ತದೆ. ಮರುಕ್ಷಣ ಕೆನ್ನೆ ಒಳಗೆ ಎಳೆದುಕೊಳ್ಳುತ್ತದೆ. ನಾಲಿಗೆ ಒರಟಾಗುತ್ತದೆ, ಹಲ್ಲಿನ ಮೇಲೆ ಹತ್ತಿ ಅಂಟಿದ ಹಾಗಾಗುತ್ತದೆ. ಮನೆಯಲ್ಲೇ ಮಾಡಿದವರಾದರೆ “ಕೆಟ್ಟುಹೋಯ್ತು, ಚೆಲ್ಲಿಬಿಡೋಣ” ಎಂದು ಸಿಂಕಿನ ಕಡೆ ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಅದು ಕೆಟ್ಟಿಲ್ಲ. ಒಗರಾಗಿದೆ, ಅಷ್ಟೇ.

ಮನೆಯ ವೈನಿನಲ್ಲಿ ಎರಡು ಬಗೆಯ ದೋಷಗಳಿವೆ. ಕಾದರೆ ತಾನಾಗಿಯೇ ಸರಿಹೋಗುವುದು ಒಂದು. ಕಾದಷ್ಟೂ ಹದಗೆಡುವುದು ಇನ್ನೊಂದು. ಎಲ್ಡರ್‌ಬೆರಿ ಮಾಡುವವರು ಎಡವುವುದು ಇವೆರಡನ್ನು ಅದಲುಬದಲು ಮಾಡಿಕೊಂಡಾಗ. ಒಗರಿಗೆ ಹೆದರಿ ಒಳ್ಳೆಯ ವೈನ್ ಚೆಲ್ಲುತ್ತಾರೆ. ಕೊಳೆತ ಮೊಟ್ಟೆಯ ವಾಸನೆ ಬಂದಾಗ ಮಾತ್ರ “ಇರಲಿ, ಹಳೆಯದಾದರೆ ಹೋಗುತ್ತೆ” ಎಂದು ಮೂಲೆಗಿಡುತ್ತಾರೆ.

ಎಲ್ಡರ್ ಯೂರೋಪಿನ ಬೇಲಿಸಾಲುಗಳಲ್ಲಿ ತಾನಾಗಿ ಬೆಳೆಯುವ ಪೊದೆಮರ. ಅದರ ಹತ್ತಿರದ ಬಂಧು ಉತ್ತರ ಅಮೆರಿಕದಲ್ಲೂ ಇದೆ. ಬೇಸಿಗೆ ಮುಗಿಯುತ್ತಾ ಬಂದಾಗ ಕೊಡೆಯಂತೆ ಹರಡಿದ ಗೊಂಚಲುಗಳಲ್ಲಿ ಕಪ್ಪು ನೇರಳೆ ಬಣ್ಣದ ಪುಟ್ಟ ಹಣ್ಣುಗಳು ತೂಗುತ್ತವೆ. ಒಂದೊಂದು ಹಣ್ಣೂ ಹೆಚ್ಚೆಂದರೆ ಐದಾರು ಮಿಲಿಮೀಟರ್. ಇಷ್ಟು ಚಿಕ್ಕ ಹಣ್ಣಿನಲ್ಲಿ ರಸಕ್ಕಿಂತ ಸಿಪ್ಪೆ, ಬೀಜದ್ದೇ ಕಾರುಬಾರು. ಬಣ್ಣವೂ ಒಗರೂ ಇರುವುದು ಅಲ್ಲೇ. ಆ ಬಣ್ಣದ ಗಾಢತೆಗೆ ಚರಿತ್ರೆಯೇ ಸಾಕ್ಷಿ. 18ನೇ ಶತಮಾನದಲ್ಲಿ ಪೋರ್ಚುಗಲ್‌ನ ಡೋರು ಕಣಿವೆಯ ಕೆಲವರು ತೆಳು ಪೋರ್ಟ್ ವೈನಿಗೆ ಎಲ್ಡರ್‌ಬೆರಿ ರಸ ಬೆರೆಸಿ ಕಡುಗೆಂಪು ಮಾಡಿ ಮಾರುತ್ತಿದ್ದರು. 1756ರಲ್ಲಿ ಅಲ್ಲಿನ ಪ್ರಭಾವಿ ಮಂತ್ರಿ ಪೊಂಬಾಲ್ ವೈನ್ ವ್ಯಾಪಾರದ ಮೇಲೆ ಹಿಡಿತ ಸಾಧಿಸಲು ಕಂಪನಿಯೊಂದನ್ನು ಹುಟ್ಟುಹಾಕಿದ. ಆ ಬಿಗಿಯ ಕಾಲದಲ್ಲೇ ದ್ರಾಕ್ಷಿ ಸೀಮೆಯ ಎಲ್ಡರ್ ಮರಗಳನ್ನು ಕೀಳಿಸುವ ಆಜ್ಞೆಯೂ ಹೊರಟಿತು. ಕಲಬೆರಕೆ ತಡೆಯಲು ಮರವನ್ನೇ ಕಿತ್ತರು!

ವೈನ್ ಕೆಡುವುದಕ್ಕಿಂತ ಮೊದಲು ಒಂದು ಎಚ್ಚರಿಕೆ ಇದೆ. ಈ ಗಿಡದ ಎಲೆ, ತೊಟ್ಟು, ಕಾಯಿ, ಬೀಜಗಳಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತವಿದೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ ಎಲೆ, ಕೊಂಬೆ ಸಮೇತ ಜಜ್ಜಿದ ಎಲ್ಡರ್‌ಬೆರಿಯ ಹಸಿ ರಸ ಕುಡಿದವರು ವಾಂತಿ ಮಾಡಿಕೊಂಡು ನರಳಿದರು. ಎಂಟು ಜನರನ್ನು ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆದ್ದರಿಂದ ಪೂರ್ತಿ ಮಾಗಿದ ಹಣ್ಣನ್ನೇ ಆರಿಸಬೇಕು. ಫೋರ್ಕಿನಿಂದ ಬಾಚಿ ತೊಟ್ಟಿನಿಂದ ಬಿಡಿಸಬೇಕು. ಹಣ್ಣನ್ನು ಕುದಿಸಿಯೇ ಮುಂದುವರಿಯುವುದು ಒಳ್ಳೆಯದು, ಬಿಸಿಗೆ ಆ ಸಂಯುಕ್ತದ ಬಹುಪಾಲು ಒಡೆದುಹೋಗುತ್ತದೆ. ಇನ್ನು ಬಕೆಟ್ಟಿನ ಅಂಚಿಗೆ ಹಸಿರು ಮೇಣದಂಥ ಜಿಡ್ಡು ಮೆತ್ತಿಕೊಂಡರೆ ಗಾಬರಿ ಬೇಡ, ಅದು ಹಣ್ಣಿನದೇ. ಸೋಪಿಗೆ ಜಗ್ಗುವುದಿಲ್ಲ. ಬಟ್ಟೆಗೆ ಅಡುಗೆ ಎಣ್ಣೆ ಹಚ್ಚಿ ಒರೆಸಿದರೆ ಎದ್ದುಬರುತ್ತದೆ.

ಈಗ ಒಗರಿಗೆ ಬರೋಣ. ಆರು ರುಚಿಗಳ ಪಟ್ಟಿಯಲ್ಲಿ ನಾವು ಅದಕ್ಕೂ ಒಂದು ಜಾಗ ಕೊಟ್ಟಿದ್ದೇವೆ. ಆದರೆ ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ನಮ್ಮ ಜೊಲ್ಲಿನಲ್ಲಿ ಬಾಯನ್ನು ಜಾರುವಂತೆ ಇಡುವ ಪ್ರೋಟೀನ್‌ಗಳಿವೆ. ಟ್ಯಾನಿನ್ ಎಂಬ ಅಣುಗಳು ಆ ಪ್ರೋಟೀನ್‌ಗಳನ್ನು ಹಿಡಿದು ಗಂಟು ಕಟ್ಟುತ್ತವೆ. ಜಾರುವ ಪದರ ಕಿತ್ತುಹೋಗುತ್ತದೆ, ನಾಲಿಗೆ ನೇರವಾಗಿ ಅಂಗುಳಕ್ಕೆ ಉಜ್ಜುತ್ತದೆ. ಬೇಕಾದರೆ ನೀವೇ ನೋಡಬಹುದು. ಎಳೆಯ ವೈನನ್ನು ಬಾಯಲ್ಲಿ ಅರ್ಧ ನಿಮಿಷ ಮುಕ್ಕಳಿಸಿ ಬಿಳಿ ತಟ್ಟೆಗೆ ಉಗಿಯಿರಿ. ನೇರಳೆ ನೀರಿನಲ್ಲಿ ಎಳೆ ಎಳೆಯಾಗಿ ಏನೋ ತೇಲುತ್ತಿರುತ್ತದೆ. ಅದು ನಿಮ್ಮ ಜೊಲ್ಲಿನ ಪ್ರೋಟೀನೇ, ಟ್ಯಾನಿನ್ ಹಿಡಿತಕ್ಕೆ ಸಿಕ್ಕಿಬಿದ್ದದ್ದು. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಇಡೀ ಪಾಠ ಆ ತಟ್ಟೆಯಲ್ಲೇ ಇದೆ.

ಹಳೆಯದಾದಂತೆ ಈ ಹಿಡಿತ ಯಾಕೆ ಸಡಿಲವಾಗುತ್ತದೆ? ಟ್ಯಾನಿನ್ ಅಣುಗಳು ಒಂದಕ್ಕೊಂದು ಸೇರಿ ಸರಪಳಿಯಾಗಿ, ಭಾರವಾಗಿ ತಳಕ್ಕೆ ಕೂರುತ್ತವೆ ಎಂಬುದು ಹಳೆಯ ವಿವರಣೆ. ಅದರಲ್ಲಿ ನಿಜವಿದೆ, ಆದರೆ ಅಷ್ಟೇ ಅಲ್ಲ. ಕೆಲವು ಸರಪಳಿಗಳು ವೈನಿನ ಹುಳಿಯಲ್ಲಿ ನಿಧಾನವಾಗಿ ತುಂಡಾಗುತ್ತವೆ. ಕೆಲವು ಆಂಥೋಸಯನಿನ್ ಎಂಬ ಬಣ್ಣದ ಅಣುಗಳ ಜೊತೆ ಕೂಡಿಕೊಳ್ಳುತ್ತವೆ. ಹಾಗೆ ಕೂಡಿಕೊಂಡ ಟ್ಯಾನಿನ್ನಿಗೆ ಜೊಲ್ಲಿನ ಮೇಲೆ ಮೊದಲಿನ ಮೋಹ ಇರುವುದಿಲ್ಲ. ಬಣ್ಣಕ್ಕೂ ಇದರಿಂದ ಲಾಭ, ಒಂಟಿಯಾಗಿದ್ದರೆ ಬೇಗ ಮಾಸುವ ಬಣ್ಣ ಜೊತೆಗಾರ ಸಿಕ್ಕಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಎಳೆಯ ವೈನಿನ ನೇರಳೆ ಕ್ರಮೇಣ ಇಟ್ಟಿಗೆ ಕೆಂಪಿಗೆ ತಿರುಗುವುದರ ಹಿಂದೆಯೂ ಇದೇ ಕತೆ.

ಈ ಕೂಡಾವಳಿಗೆ ದಲ್ಲಾಳಿ ಬೇಕು. ಆ ಕೆಲಸ ಮಾಡುವುದು ಆಮ್ಲಜನಕ. ವೈನಿಗೆ ಸೇರಿದ ಚೂರು ಗಾಳಿ ಮೊದಲು ಟ್ಯಾನಿನ್‌ನಂಥ ಅಣುಗಳನ್ನು ಮುಟ್ಟುತ್ತದೆ. ಆಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್, ವೈನಿನಲ್ಲಿರುವ ಕಬ್ಬಿಣದ ಅಂಶದ ನೆರವಿನಿಂದ, ಒಂದಿಷ್ಟು ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತದೆ. ಟ್ಯಾನಿನ್ ಮತ್ತು ಬಣ್ಣದ ನಡುವೆ ಸೇತುವೆಯಾಗಿ ನಿಲ್ಲುವುದು ಅದೇ. ಹಾಗಂತ ಮುಚ್ಚಳ ತೆಗೆದಿಡಬೇಡಿ. ಜಾಡಿಯಿಂದ ಜಾಡಿಗೆ ಇಳಿಸುವಾಗ ತಾಗುವಷ್ಟು ಗಾಳಿ, ಬಿರಡೆಯ ಮೂಲಕ ನುಸುಳುವಷ್ಟು ಗಾಳಿ ಸಾಕು. ಅದಕ್ಕಿಂತ ಜಾಸ್ತಿಯಾದರೆ ದಲ್ಲಾಳಿಯೇ ಮನೆ ದೋಚುತ್ತಾನೆ.

ದೋಚುವುದು ಹೀಗೆ. ಜಾಡಿ ಅರ್ಧ ಖಾಲಿ, ಮೇಲೆಲ್ಲ ಗಾಳಿ. ಅಲ್ಲಿ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆಳೆದು ಆಲ್ಕೋಹಾಲನ್ನು ವಿನೆಗರ್ ಮಾಡುತ್ತದೆ. ಮೂಗಿಗೆ ವಿನೆಗರ್ ಚುಚ್ಚಿದರೆ, ಅಥವಾ ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಬಂದರೆ, ಆ ವೈನಿಗೆ ಮನೆಯಲ್ಲಿ ಮದ್ದಿಲ್ಲ. ಕಾಯುವುದು ಸುಮ್ನೆ. ಪೂರ್ತಿ ವಿನೆಗರ್ ಆಗಲು ಬಿಟ್ಟು ಅಡುಗೆಗೆ ಬಳಸಿ, ಅದೂ ಒಂದು ಗೆಲುವೇ. ಮೇಲೆ ಬಿಳಿ ಪುಡಿ ಉದುರಿಸಿದಂಥ ತೆಳು ಪೊರೆ ಮಾತ್ರ ಕಂಡು ವಾಸನೆ ಇನ್ನೂ ಚೆನ್ನಾಗಿದ್ದರೆ, ಕೆಳಗಿನಿಂದ ಕೊಳವೆಯಲ್ಲಿ ವೈನನ್ನು ಎಳೆದು ಚಿಕ್ಕ ಜಾಡಿಗೆ ಕತ್ತಿನ ತನಕ ತುಂಬಿ. ಆ ಜಾಡಿಗೆ ಸಲ್ಫೈಟ್ ಹಾಕಿ, ವೈನ್ ಕೆಡದಂತೆ ಕಾಯುವ ಗಂಧಕದ ಲವಣ ಅದು. ಬಹಳ ಸಲ ಉಳಿಯುತ್ತದೆ.

ಸಲ್ಫೈಟ್ ಬಗ್ಗೆ ಒಂದು ಮಾತು. “ಇಷ್ಟು ಲೀಟರಿಗೆ ಒಂದು ಮಾತ್ರೆ” ಎಂಬ ಲೆಕ್ಕ ಅರ್ಧ ಸತ್ಯ. ಸಲ್ಫೈಟ್ ವೈನಿನಲ್ಲಿ ಸಲ್ಫರ್ ಡೈಆಕ್ಸೈಡ್ ಕೊಡುತ್ತದೆ, ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವುದು ಅದರ ಒಂದು ರೂಪ ಮಾತ್ರ. ಆ ರೂಪದಲ್ಲಿ ಎಷ್ಟಿರುತ್ತದೆ ಎಂಬುದನ್ನು ಪಿಎಚ್, ಅಂದರೆ ಹುಳಿಯ ಅಳತೆ, ತೀರ್ಮಾನಿಸುತ್ತದೆ; ಹುಳಿ ಹೆಚ್ಚಿದಷ್ಟೂ ಪಿಎಚ್ ಕಡಿಮೆ. ಪಿಎಚ್ 3.2 ಇದ್ದರೆ ಸುಮಾರು 4 ಶೇಕಡಾ, 3.8 ಇದ್ದರೆ ಬರೀ 1 ಶೇಕಡಾ. ಅಂದರೆ ಅದೇ ರಕ್ಷಣೆಗೆ ಲೀಟರಿಗೆ 20 ಮಿಲಿಗ್ರಾಂ ಸಾಕಾಗುತ್ತಿದ್ದ ಕಡೆ 80 ಬೇಕಾಗುತ್ತದೆ. ಎಲ್ಡರ್‌ಬೆರಿಗೆ ನೀರು ಸೇರಿಸುವುದರಿಂದ ಹುಳಿ ತೆಳುವಾಗುತ್ತದೆ, ಪಿಎಚ್ ಏರುತ್ತದೆ. ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಹಾಕುವುದು ಬರೀ ರುಚಿಗಲ್ಲ, ಕಾವಲಿಗೂ ಹೌದು. ಸಲ್ಫೈಟ್ ಹಾಕಿದ ದಿನ ಬಣ್ಣ ಮಂಕಾದರೆ ಹೆದರಬೇಡಿ. ಬಣ್ಣದ ಅಣುವಿಗೆ ಅದು ತಾತ್ಕಾಲಿಕವಾಗಿ ಅಂಟಿಕೊಂಡಿರುತ್ತದೆ, ಬಿಟ್ಟಮೇಲೆ ಬಣ್ಣ ಮರಳುತ್ತದೆ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದಿಲ್ಲ, ಕೊಡುವ ಮುನ್ನ ಕೇಳಿ.

ಕೊಳೆತ ಮೊಟ್ಟೆಯ ವಾಸನೆ ಈ ವೈನಿನಲ್ಲಿ ಆಗಾಗ ಬರುವುದಕ್ಕೂ ನೀರೇ ಅರ್ಧ ಕಾರಣ. ಯೀಸ್ಟ್‌ಗೆ ಸಕ್ಕರೆ ಒಂದೇ ಸಾಲದು, ಸಾರಜನಕವೂ ಬೇಕು. ನಾವು ಹಣ್ಣಿಗೆ ನೀರು ಬೆರೆಸಿ, ಮೇಲೆ ಬರೀ ಸಕ್ಕರೆ ಸುರಿಯುತ್ತೇವೆ. ಅನ್ನವಿದೆ, ಸಾರಿಲ್ಲ. ಹಸಿದ ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಇದ್ದರೂ ಮೂಗು ಹಿಡಿದುಬಿಡುತ್ತದೆ. ಹುದುಗುವ, ಅಂದರೆ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ, ಮೊದಲ ದಿನಗಳಲ್ಲೇ ಬಂದರೆ ಯೀಸ್ಟ್ ಪೋಷಕ ಹಾಕಿ. ಹುದುಗು ಮುಗಿದಮೇಲೆ ಬಂದರೆ ತಡಮಾಡದೆ ಗಸಿ ಬಿಟ್ಟು, ಸ್ವಲ್ಪ ಎತ್ತರದಿಂದ ಚಿಮ್ಮುವಂತೆ ಬೇರೆ ಜಾಡಿಗೆ ಇಳಿಸಿ. ಇಲ್ಲಿ ಕಾಯುವುದು ತಪ್ಪು. ಹಾಗೇ ಬಿಟ್ಟರೆ ಅದು ಬೆಳ್ಳುಳ್ಳಿ, ಸುಟ್ಟ ರಬ್ಬರ್ ವಾಸನೆಯ ಸಂಯುಕ್ತಗಳಾಗಿ ಬದಲಾಗಬಹುದು, ಅವನ್ನು ಓಡಿಸುವುದು ಕಷ್ಟ. ಅನುಮಾನವಿದ್ದರೆ ಒಂದು ಲೋಟದಲ್ಲಿ ಉಜ್ಜಿ ತೊಳೆದ ತಾಮ್ರದ ತಂತಿ ಹಾಕಿ ಅಲ್ಲಾಡಿಸಿ ಮೂಸಿ. ವಾಸನೆ ಮಾಯವಾದರೆ ಗಂಧಕದ್ದೇ ಕೆಲಸ ಎಂದು ಖಾತ್ರಿ. ಆ ಲೋಟದ್ದನ್ನು ಮಾತ್ರ ಕುಡಿಯಬೇಡಿ.

ಹುದುಗು ಅರ್ಧಕ್ಕೇ ನಿಂತಿದೆಯೋ ಮುಗಿದಿದೆಯೋ ಎಂಬುದನ್ನು ಗುಳ್ಳೆ ಹೇಳುವುದಿಲ್ಲ, ಹೈಡ್ರೋಮೀಟರ್ ಹೇಳುತ್ತದೆ. ನೀರಿಗೆ (1.000) ಹೋಲಿಸಿ ದ್ರವ ಎಷ್ಟು ಸಾಂದ್ರ ಎಂದು ತೋರಿಸುವ ತೇಲುಗೋಲು ಅದು, ಸಕ್ಕರೆ ಕರಗುತ್ತಾ ಹೋದಂತೆ ಅಂಕಿ ಇಳಿಯುತ್ತದೆ. 1.090ರ ಆಸುಪಾಸಿನಲ್ಲಿ ಶುರುವಾದದ್ದು 1.000ಕ್ಕಿಂತ ಕೆಳಗಿಳಿಯಬೇಕು. 1.020ರಲ್ಲೇ ದಿನಗಟ್ಟಲೆ ಕೂತಿದ್ದರೆ ನಿಂತಿದೆ ಎಂದರ್ಥ. ಚಳಿಯಿದ್ದರೆ 20ರಿಂದ 24 ಡಿಗ್ರಿಗೆ ಬೆಚ್ಚಗಾಗಿಸಿ. ಸಾಲದಿದ್ದರೆ ಹೊಸ ಯೀಸ್ಟನ್ನು ಬೇರೆ ಪಾತ್ರೆಯಲ್ಲಿ ಎಬ್ಬಿಸಿ, ನಿಂತ ವೈನನ್ನೇ ಸ್ವಲ್ಪ ಸ್ವಲ್ಪ ಅದಕ್ಕೆ ಸೇರಿಸುತ್ತಾ ಒಗ್ಗಿಸಬೇಕು. ಒಣ ಯೀಸ್ಟನ್ನು ನೇರ ಆಲ್ಕೋಹಾಲಿಗೆ ಸುರಿದರೆ ಹೆಚ್ಚಿನದು ಅಲ್ಲೇ ಸಾಯುತ್ತದೆ.

ನಿಂತದ್ದನ್ನು ಮುಗಿದದ್ದು ಎಂದುಕೊಂಡು ಬಾಟಲಿಗೆ ತುಂಬುವುದು ಎಲ್ಲಕ್ಕಿಂತ ಅಪಾಯ. ಬಾಟಲಿಯೊಳಗೆ ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಸರಿಸುಮಾರು ಒಂದು ವಾತಾವರಣದಷ್ಟು ಒತ್ತಡ ಹುಟ್ಟುತ್ತದೆ. ಶಾಂಪೇನ್ ಮಾಡುವವರು ಬೇಕೆಂದೇ 24 ಗ್ರಾಂ ಹಾಕಿ ಆರು ವಾತಾವರಣ ಪಡೆಯುತ್ತಾರೆ, ಅದಕ್ಕೆ ತಕ್ಕ ದಪ್ಪ ಗಾಜನ್ನೂ ಬಳಸುತ್ತಾರೆ. ನಿಮ್ಮದು ಮಾಮೂಲಿ ಬಾಟಲಿ, ಅಲ್ವಾ?

ಮೋಡದಂತೆ ಕದಡಿರುವುದು ಕಣ್ಣಿನ ತಕರಾರು ಮಾತ್ರ. ಹಣ್ಣು ಕುದಿಸಿದವರಿಗೆ ಇದು ಪೆಕ್ಟಿನ್ ಕಾಟವಾಗಿರುವ ಸಂಭವ ಜಾಸ್ತಿ, ಜಾಮನ್ನು ಗಟ್ಟಿ ಮಾಡುವುದೂ ಅದೇ. ಕುದಿಸಿದ್ದು ಪೂರ್ತಿ ಆರಿದಮೇಲೆ ಪೆಕ್ಟಿಕ್ ಕಿಣ್ವ ಹಾಕಿದ್ದರೆ ಈ ಸಮಸ್ಯೆ ಬರುತ್ತಿರಲಿಲ್ಲ, ಬಿಸಿಯಲ್ಲಿ ಹಾಕಿದರೆ ಕಿಣ್ವವೇ ಸಾಯುತ್ತದೆ. ಈಗಲೂ ಹಾಕಬಹುದು, ಆಲ್ಕೋಹಾಲಿನಲ್ಲಿ ನಿಧಾನ, ಅಷ್ಟೇ.

ಇನ್ನೆರಡು ದೋಷಗಳು ವಿಚಿತ್ರ. ಸಿಹಿ ವೈನ್ ಮತ್ತೆ ಹುದುಗದಿರಲೆಂದು ಪೊಟ್ಯಾಸಿಯಂ ಸಾರ್ಬೇಟ್ ಹಾಕುತ್ತಾರೆ. ಸಲ್ಫೈಟ್ ಜೊತೆಗಿಲ್ಲದೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದನ್ನು ಮುಟ್ಟಿದರೆ, ಹಿಸುಕಿದ ಜೆರೇನಿಯಂ ಎಲೆಯ ವಾಸನೆ ಹುಟ್ಟಿ ಶಾಶ್ವತವಾಗಿ ಉಳಿಯುತ್ತದೆ. ಇನ್ನೊಂದು ಇಲಿಯ ವಾಸನೆ. ಲೋಟ ಮೂಸಿದರೆ ಏನೂ ಇಲ್ಲ. ನುಂಗಿದ ಮೇಲೆ ಗಂಟಲಿನ ಹಿಂದಿನಿಂದ ಇಲಿ ಗೂಡಿನ ನಾತ ಏಳುತ್ತದೆ. ವೈನಿನ ಹುಳಿಯಲ್ಲಿ ಆ ಅಣುಗಳು ಆವಿಯಾಗುವುದಿಲ್ಲ, ಜೊಲ್ಲು ಸೇರಿ ಹುಳಿ ಇಳಿದಮೇಲೆ ಹಾರುತ್ತವೆ. ಅಂಗೈಗೆ ಎರಡು ಹನಿ ಹಾಕಿ ಉಜ್ಜಿ ಮೂಸಿದರೂ ಗೊತ್ತಾಗುತ್ತದೆ. ಇವೆರಡಕ್ಕೂ ನನ್ನ ಸಲಹೆ ಒಂದೇ, ಸಿಂಕು.

ಇದ್ಯಾವುದೂ ಇಲ್ಲ, ಬರೀ ಒಗರಿದೆ ಎಂದರೆ ನೀವು ಗೆದ್ದಿರಿ. ಎರಡು ಮೂರು ತಿಂಗಳಿಗೊಮ್ಮೆ ಗಸಿ ಬಿಟ್ಟು ಇಳಿಸುತ್ತಾ, ಮೊದಲ ಆರೆಂಟು ತಿಂಗಳು ದೊಡ್ಡ ಜಾಡಿಯಲ್ಲೇ ಇಡುವುದು ನನಗೆ ಸರಿ ಕಾಣುತ್ತದೆ. ದೊಡ್ಡ ಜಾಡಿಯಲ್ಲಿ ಎಲ್ಲವೂ ಒಂದೇ ಹದದಲ್ಲಿ ಮಾಗುತ್ತದೆ, ತಪ್ಪು ಕಂಡರೆ ತಿದ್ದಲೂ ಅವಕಾಶವಿರುತ್ತದೆ. ಆಮೇಲೆ ಬಾಟಲಿ. ಕಾರ್ಕ್ ಒಣಗದಂತೆ ಅಡ್ಡ ಮಲಗಿಸಿ. ಕತ್ತಲು ಬೇಕು, 10ರಿಂದ 15 ಡಿಗ್ರಿ ಬೇಕು. ಅದಕ್ಕಿಂತಲೂ ಮುಖ್ಯ, ಉಷ್ಣತೆ ದಿನಾ ಏರಿಳಿಯಬಾರದು. ಫ್ರಿಜ್ಜಿನ ತಲೆಯ ಮೇಲೆ ಇಡುವವರಿದ್ದಾರೆ. ಅಲ್ಲಿ ವೈನ್ ಮಾಗುವುದಿಲ್ಲ, ಬೇಯುತ್ತದೆ.

ಎಷ್ಟು ದಿನ? ಒಂದು ವರ್ಷ ಕನಿಷ್ಠ. ಹಣ್ಣು ಧಾರಾಳವಾಗಿ ಹಾಕಿದ್ದರೆ ಎರಡು, ಮೂರು. ಕಾಯಲಾರದವರು ಪುಟ್ಟ ಬಾಟಲಿಗಳಲ್ಲಿ ನಾಲ್ಕೈದು ಪಾಲು ಬೇರೆ ತುಂಬಿಟ್ಟು, ಆರು ತಿಂಗಳಿಗೊಂದು ತೆರೆಯುತ್ತಾ ಹೋಗಲಿ. ಪ್ರತಿ ಸಲವೂ ಅದೇ ಬಿಳಿ ತಟ್ಟೆಗೆ ಉಗಿದು ನೋಡಲಿ, ಎಳೆಗಳು ಎಷ್ಟಿವೆ ಎಂದು. ಮೂರನೇ ವರ್ಷದ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಮಲಗಿದ್ದ ಬದಿಯ ಗಾಜಿಗೆ ಕಂದುಗೆಂಪು ಲೇಪ ಅಂಟಿರುತ್ತದೆ. ಬಾಯಿಯ ಬದಲು ಗಾಜಿಗೆ ಅಂಟಿಕೊಂಡ ಒಗರು ಅದು. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿ ಸುರಿಯಿರಿ. ಕೊನೆಯ ಒಂದು ಬೆರಳಿನಷ್ಟನ್ನು ಅಲ್ಲೇ ಬಿಡಿ.